ಟ್ರ್ಯಾಕ್ಟರ್ ಕತ್ತು

ಎಡಗಡೆಯ ಕನ್ನಡಿಯಲ್ಲಿ ಒಂದು ಬಿಳಿ ಪಂಚೆ, ಪಂಚೆಯ ಮೇಲೆ ಸೊಂಟಕ್ಕೆ ಕೊಟ್ಟ ಎರಡು ಕೈ, ಮರುಳಪ್ಪನವರು ಇನ್ನೂ ಕಾಯಿ ಮಂಡಿಯ ಬಾಗಿಲಲ್ಲೇ ನಿಂತು ನೋಡುತ್ತಿದ್ದಾರೆ, ಒಳಗೆ ಹೋಗಿ ಕೂತುಕೊಳ್ಳಬಾರದೇ ಈ ಮನುಷ್ಯ, ಅವರು ನೋಡಿದಷ್ಟೂ ಕತ್ತು ಹಿಂದಕ್ಕೆ ಎಳೆಯುತ್ತದೆ — ಕತ್ತು ತಿರುಗಿಸಬಾರದು, ಇಂದ್ರೇಶ ತನಗೆ ತಾನೇ ಹೇಳಿಕೊಂಡ, ಏನೇ ಆಗಲಿ ಹಿಂದಕ್ಕೆ ಕತ್ತು ತಿರುಗಿಸಬಾರದು, ಹಿಂದೆ ಇರುವುದೆಲ್ಲ ಕನ್ನಡಿಯಲ್ಲಿದೆ, ಲಾರಿಯವರು ಕನ್ನಡಿ ನೋಡುತ್ತಾರೆ, ಕತ್ತು ತಿರುಗಿಸುವವರು ಟ್ರ್ಯಾಕ್ಟರಿನವರು, ಒಂಬತ್ತು ವರ್ಷ ಹಗರೆಯ ಜವರಯ್ಯನವರ ಟ್ರ್ಯಾಕ್ಟರಿನಲ್ಲಿ ಕೂತು ಟ್ರೈಲರ್ ಸರಿಯಾಗಿ ಬರುತ್ತಿದೆಯೋ, ಆಲೂಗಡ್ಡೆ ಮೂಟೆ ಜಾರಿತೋ, ರಾಗಿಹುಲ್ಲು ಉದುರಿತೋ ಎಂದು ಗಳಿಗೆಗೊಮ್ಮೆ ಭುಜದ ಮೇಲಿಂದ ಹಿಂದಕ್ಕೆ ನೋಡಿ ನೋಡಿ, ಈಗ ಮನೆಯಲ್ಲಿ ಊಟಕ್ಕೆ ಕೂತಾಗಲೂ ಕತ್ತು ತಾನಾಗಿ ಒಮ್ಮೆ ಹಿಂದಕ್ಕೆ ಹೋಗಿಬರುತ್ತದೆ, ಯಾಕ್ರೀ ಗೋಡೆ ಓಡೋಯ್ತದಾ ಎಂದು ಮಧುಶ್ರೀ ನಗುತ್ತಾಳೆ, ಹೆಂಡತಿ ನಕ್ಕರೆ ನಗಲಿ, ಪಕ್ಕದಲ್ಲಿ ಕೂತಿರುವ ಈ ಹನುಮಯ್ಯ ನಗಬಾರದು. ಮೂವತ್ತು ವರ್ಷ ಮರುಳಪ್ಪನವರ ಲಾರಿ ಓಡಿಸಿದ ಹನುಮಯ್ಯ, ಟವೆಲ್ಲು ಹೆಗಲಿಗೆ ಹಾಕಿ, ಬಾಗಿಲಿಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಾರೆ, ಈ ತೆಂಗಿನಕಾಯಿ ಲೋಡು ಬೇಲೂರಿನಲ್ಲಿ ಇಳಿಯುವಷ್ಟರಲ್ಲಿ ಅವರು ಹೂಂ ಅಂದರೆ ಕೆಲಸ, ಊಹೂಂ ಅಂದರೆ ಅಲ್ಲಿಂದಲೇ ಬಸ್ಸು ಹತ್ತಿ ಮನೆಗೆ. ನಾನು ಲೈಸೆನ್ಸ್ ಗೀಸೆನ್ಸ್ ನೋಡಲ್ಲ ಕಣಪ್ಪ, ಪೇಪರ್ ಯಾರು ಬೇಕಾದ್ರೂ ತತ್ತಾರೆ, ನಮ್ಮ ಹನುಮಯ್ಯ ಪಕ್ಕದಲ್ಲಿ ಕೂತು ಒಂದು ಲೋಡ್ ನೋಡ್ತಾನೆ, ಅವನು ಏನಂತಾನೋ ಅದೇ, ಎಂದಿದ್ದರು ಮರುಳಪ್ಪ, ಹಣೆಯ ವಿಭೂತಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ನಿನಗಿಂತ ಮುಂಚೆ ಮೂವರು ಬಂದಿದ್ರು, ಮೂವರಿಗೂ ಊಹೂಂ ಅಂದ. ಪಂಚೆ ಕನ್ನಡಿಯಿಂದ ಹೋಯಿತು, ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಕಡೆಯ ಆಟೋಗಳೂ ಹೋದವು, ಇನ್ನು ಬರೀ ರಸ್ತೆ.

ಎರಡನೇ ಗೇರಿನಿಂದ ಮೂರಕ್ಕೆ, ಕ್ಲಚ್ಚು, ತಡಿ, ಬಿಡು, ಬಿತ್ತು, ಅಬ್ಬ ಶಬ್ದವಿಲ್ಲದೆ ಬಿತ್ತು — ಹಾಸನದ ಡ್ರೈವಿಂಗ್ ಸ್ಕೂಲಿನ ಮುದಿ ಲಾರಿಯಲ್ಲಿ ಮೂರನೇ ಗೇರು ಅನ್ನುವುದನ್ನು ಅವನು ಕಂಡದ್ದು ಎರಡೇ ಸಲ, ಹನ್ನೆರಡು ಜನ ಹಿಂದೆ ನಿಂತು ನನ್ನ ಸರದಿ ನನ್ನ ಸರದಿ ಅನ್ನುತ್ತಿದ್ದರು, ಬಯಲಿನಲ್ಲಿ ಎರಡು ಸುತ್ತು, ಆಯಿತು ಇಳಿ, ಹಾಗೆ ಬಂದ ಹೆವಿ ಲೈಸೆನ್ಸು ಜೇಬಿನಲ್ಲಿದೆ, ಅದನ್ನು ಹಿಡಿದು ಐದು ತಿಂಗಳು ಅರಸೀಕೆರೆ, ಹಾಸನ, ಬೇಲೂರು ಎಂದು ಒಂದು ಟ್ರಾನ್ಸ್‌ಪೋರ್ಟ್ ಆಫೀಸನ್ನೂ ಬಿಡದೆ ಹತ್ತಿಳಿದ, ಎಲ್ಲರದೂ ಒಂದೇ ಮಾತು, ಎಕ್ಸ್‌ಪೀರಿಯನ್ಸ್ ಎಷ್ಟಪ್ಪ, ಇಲ್ಲ ಸಾರ್ ಟ್ರ್ಯಾಕ್ಟರ್ ಒಂಬತ್ತು ವರ್ಷ, ಟ್ರ್ಯಾಕ್ಟರ್ ಲೆಕ್ಕಕ್ಕಿಲ್ಲ, ಎಲ್ಲಾದರೂ ಎರಡು ವರ್ಷ ಲಾರಿ ಓಡಿಸಿ ಬಾ, ಎಲ್ಲಿ ಓಡಿಸಲಿ ಸಾರ್, ಎಲ್ಲಾದ್ರೂ. ಎಲ್ಲರೂ ಎಲ್ಲಾದರೂ ಎಂದರು, ಆ ಎಲ್ಲಾದರೂ ಅನ್ನುವ ಊರು ಎಲ್ಲಿದೆ ಎಂದು ಯಾರೂ ಹೇಳಲಿಲ್ಲ. ಅತ್ತ ಜವರಯ್ಯನವರ ಮಗ ಹೇಮಂತ ಓದು ಬಿಟ್ಟು ಬಂದು ಟ್ರ್ಯಾಕ್ಟರ್ ನಾನೇ ಓಡಿಸ್ತೀನಿ ಅಂದುಬಿಟ್ಟ, ಅವರ ಗಾಡಿ, ಅವರ ಮಗ, ಬೇಡ ಅನ್ನಲು ಇವನಾರು. ನಿಜ ಹೇಳಿ ಹೇಳಿ ಎಲ್ಲಿಗೆ ಬಂದ್ರಿ ಹೇಳಿ, ಎಂದಳು ಮಧುಶ್ರೀ, ಕೈಯಲ್ಲಿ ಸೌಟು ಹಿಡಿದುಕೊಂಡೇ, ಈ ಸಲ ಒಂದು ಸುಳ್ಳು ಹೇಳ್ಬುಡಿ, ಅರೇಹಳ್ಳಿ ಕಡೆ ಕಾಫಿ ತೋಟದ ಲಾರಿ ಎರಡು ವರ್ಷ ಓಡಿಸಿದೀನಿ ಅನ್ನಿ, ನೀವು ಆ ಕಡೆ ಹೋಗೇ ಇಲ್ವಾ. ಹೋಗಿದ್ದ, ಒಂದು ದಿನ, ಟ್ರ್ಯಾಕ್ಟರಿನಲ್ಲಿ ಗೊಬ್ಬರ ಇಳಿಸಿ ಸಂಜೆಗೆ ವಾಪಸ್ಸು. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು, ಅವಳು ಅವನ ಕೈಯಲ್ಲಿ ಮೂರು ಸಲ ಹೇಳಿಸಿದಳು, ಅರೇಹಳ್ಳಿ, ಕಾಫಿ, ಎರಡು ವರ್ಷ, ಮೂರನೇ ಸಲಕ್ಕೆ ಅವನಿಗೇ ನಿಜವೆನ್ನಿಸಿತು, ಮರುಳಪ್ಪನವರ ಎದುರಿಗೆ ನಾಲಗೆ ಒಂದಿಷ್ಟೂ ತೊದಲಲಿಲ್ಲ, ಅದೇ ಈಗ ಹೆದರಿಕೆ, ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಎಂದು ಗೊತ್ತಿರಲಿಲ್ಲ. ಅರೇಹಳ್ಳಿ ಕಡೆ ರಸ್ತೆ ಹೆಂಗೈತೆ ಈಗ, ಎಂದರು ಹನುಮಯ್ಯ ಕಣ್ಣು ಮುಚ್ಚಿಕೊಂಡೇ. ತಿರುವು ಜಾಸ್ತಿ ಅಣ್ಣ, ಮಳೇಲಿ ಕಷ್ಟ, ಎಂದ, ಎನ್ನುತ್ತಲೇ ಹಾಳು ಕತ್ತು ಭುಜದ ಮೇಲಿಂದ ಹಿಂದಕ್ಕೆ ಹೋಗಿತ್ತು, ತಟ್ಟನೆ ಎಳೆದುಕೊಂಡ, ಹನುಮಯ್ಯನ ಕಣ್ಣು ಮುಚ್ಚಿಯೇ ಇತ್ತು, ಸದ್ಯ, ನೋಡಿಲ್ಲ. ಹೂಂ, ತಿರುವು ಜಾಸ್ತಿ, ಎಂದರು ಅವರು.

ಮುಂದೆ ಹಂಪು ಬತ್ತದೆ, ಎಂದರು ಹನುಮಯ್ಯ, ಬಂತು, ಅವರು ಕಣ್ಣು ಬಿಟ್ಟೇ ಇಲ್ಲ, ಈಗ ಬಲಕ್ಕೆ ಒಂದು ಗುಂಡಿ, ಎಡಕ್ಕೆ ತಕ, ಅದೂ ಬಂತು, ಎಂಥ ಮನುಷ್ಯ, ಚಕ್ರದ ಸದ್ದಿನಲ್ಲೇ ರಸ್ತೆ ಓದುತ್ತಾರೆ, ಇಂಥವರ ಎದುರು ಎರಡು ವರ್ಷದ ಸುಳ್ಳು ಎಷ್ಟು ಹೊತ್ತು ನಿಂತೀತು, ಜಾವಗಲ್ಲಿನಲ್ಲಿ ಟೀಗೆ ನಿಲ್ಲಿಸಿದಾಗ ಅವನಿಗೆ ಓಡಿಹೋಗಬೇಕೆನ್ನಿಸಿತ್ತು, ನಿಜವಾಗಿ ಅನ್ನಿಸಿತ್ತು, ಕೀ ಅಲ್ಲೇ ಬಿಟ್ಟು ಬಸ್ಸು ಹತ್ತಿಬಿಡೋಣ, ಮಧುಶ್ರೀಗೆ ಊಹೂಂ ಅಂದ್ರು ಕಣೇ ಅಂದರಾಯಿತು, ಮೂವರಿಗೆ ಅಂದದ್ದು ನಾಲ್ಕನೆಯವನಿಗೂ ಅಂದರು. ಹನುಮಯ್ಯ ಟೇಬಲ್ಲಿನ ಮೇಲೆ ಬೆರಳು ಸರಿಸುತ್ತಾ ಸರಿಸುತ್ತಾ ಹೋಗಿ ಲೋಟ ಹಿಡಿದರು, ಎಷ್ಟು ನಿಧಾನ, ಎಷ್ಟು ಸಮಾಧಾನ, ಆತುರವೇ ಇಲ್ಲದ ಮನುಷ್ಯ, ಡ್ರೈವರ್ ಅಂದರೆ ಹೀಗಿರಬೇಕು. ಓಡಿಹೋಗಲಿಲ್ಲ. ಹಳೇಬೀಡಿನ ಕೆರೆ ಬಂತು, ನೀರು ಬಿಸಿಲಿಗೆ ಹೊಳೆದು ಕಣ್ಣಿಗೆ ಹೊಡೆಯಿತು, ದೇವಸ್ಥಾನದ ಮುಂದೆ ಸ್ಕೂಲ್ ಮಕ್ಕಳ ಎರಡು ಬಸ್ಸು, ಟೋಪಿ ಮಾರುವವರು, ಕಲ್ಲಿನ ಆನೆ ಮಾರುವವರು, ಅಡ್ಡಡ್ಡ ನಿಂತು ಸೆಲ್ಫಿ ತೆಗೆಯುವವರು, ಇಷ್ಟರ ಮಧ್ಯೆ ಹತ್ತು ಟನ್ ಕಾಯಿಯನ್ನು ಫಸ್ಟ್ ಗೇರಿನಲ್ಲಿ, ಸೆಕೆಂಡ್ ಗೇರಿನಲ್ಲಿ, ಕನ್ನಡಿ ನೋಡಿ, ಮತ್ತೆ ಕನ್ನಡಿ ನೋಡಿ, ಒಂದು ಕೊಡೆಗೂ ತಾಗಿಸದೆ ದಾಟಿಸಿದ, ಬಸ್ತಿಹಳ್ಳಿಯ ತಿರುವೂ ಹಿಂದೆ ಹೋಯಿತು, ಬೆನ್ನಿಗೆ ಅಂಟಿದ ಅಂಗಿಗೆ ಗಾಳಿ ತಾಗಿತು, ಹನುಮಯ್ಯ ಮೂಗಿನಲ್ಲಿ ಏನೋ ಗುನುಗುತ್ತಿದ್ದಾರೆ, ಗುನುಗುತ್ತಾರೆಂದರೆ ಮನಸ್ಸಿಗೆ ಬಂದಿದೆ, ಬಂದಿದೆ ಕಣೇ ಮಧುಶ್ರೀ, ಸೌಟು ಕೆಳಗಿಡು.

ಇಳಿಜಾರು. ಕೈ ತಾನಾಗಿ ಹೋಯಿತು. ಇಳಿಜಾರು ಬಂತು ನ್ಯೂಟ್ರಲ್ ಮಾಡೋ, ಡೀಸೆಲ್ಲೇನು ಬಾವೀಲಿ ಸಿಕ್ತದಾ, ಎಂದು ಜವರಯ್ಯನವರು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಒಂಬತ್ತು ವರ್ಷ ಹೇಳಿದ ಮಾತು ಕಿವಿಯಲ್ಲಲ್ಲ, ಕೈಯಲ್ಲೇ ಕೂತಿತ್ತು, ಗೇರು ಸಡಿಲಾಯಿತು, ಇಂಜಿನ್ನಿನ ಸದ್ದು ಕೆಳಗೆ ಬಿತ್ತು, ಆಹಾ ಎಷ್ಟು ಹಗುರ, ಒಂದು ಗಳಿಗೆ, ಒಂದೇ ಗಳಿಗೆ ಹಗುರ, ಆಮೇಲೆ ಹಿಂದಿನಿಂದ ಹತ್ತು ಟನ್ನು ಬೆನ್ನಿಗೆ ಕೈಯಿಟ್ಟು ತಳ್ಳಿತು — ಹನುಮಯ್ಯನ ಗುನುಗು ನಿಂತಿತು — ರಸ್ತೆಯ ಮೇಲೆ ಒಂದು ಹಸಿರು ಹುಲ್ಲಿನ ಹೊರೆ ನಡೆಯುತ್ತಿದೆ, ಹೊರೆಯ ಕೆಳಗೆ ಒಬ್ಬಳು ಅಜ್ಜಿ, ಬೆನ್ನು ಇತ್ತ, ಹಾರನ್, ತಿರುಗಲಿಲ್ಲ, ಹಾರನ್ ಹಾರನ್, ತಿರುಗುವುದಿಲ್ಲ, ಅಂಚಿನಲ್ಲಿದ್ದವಳು ಈಗಲೇ ರಸ್ತೆ ದಾಟಬೇಕೇ, ಈಗಲೇ ಅಡ್ಡ ತಿರುಗಿದಳು, ಬ್ರೇಕ್, ಹಿಡಿಯುತ್ತಿದೆ ಆದರೂ ಹೋಗುತ್ತಿದೆ, ಗೇರು ಹಾಕು, ಕರ್ರ್ ಎಂದಿತು, ಬೀಳಲಿಲ್ಲ, ಮತ್ತೆ ಕರ್ರ್, ಬೀಳುವುದಿಲ್ಲ, ಟ್ರ್ಯಾಕ್ಟರ್ ಅಲ್ಲ ಇದು, ಬ್ರೇಕಿನ ಮೇಲೆ ಎದ್ದು ನಿಂತ, ಎರಡು ಕಾಲೂ ಒಂದೇ ಪೆಡಲ್ಲಿನ ಮೇಲೆ, ಟೈರು ಕೂಗಿತು, ಹಿಂದೆ ಮೂಟೆಗಳು ಒಂದರ ಮೇಲೊಂದು ಗುದ್ದಿದವು, ಅಮ್ಮಾ ಅಂದದ್ದು ತಾನೋ ಹನುಮಯ್ಯನೋ, ಹುಲ್ಲಿನ ಹೊರೆ ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು, ಗಾಜಿನ ತುಂಬ ಹಸಿರು, ನಿಂತಿತು.

ನಿಂತಿತೇ. ನಿಂತಿದೆ. ಅವಳು ನಿಂತಿದ್ದಾಳೆಯೇ. ಗಾಜಿನ ಕೆಳಗಂಚಿನಲ್ಲಿ ಹುಲ್ಲಿನ ಹೊರೆ ಅಲ್ಲಾಡುತ್ತಿದೆ, ಅದರಡಿಯಿಂದ ಒಂದು ಸುಕ್ಕುಮುಖ ನಿಧಾನವಾಗಿ ಇತ್ತ ತಿರುಗಿತು, ಹೆದರಿಕೆಯಿಲ್ಲ, ಬೈಗುಳವಿಲ್ಲ, ಒಂದು ಕೈ ಹೊರೆಗೆ, ಇನ್ನೊಂದು ಕೈ ಮುಂದಕ್ಕೆ ಬಂತು, ಮೊಣಕೈವರೆಗೆ ಕಂಡಿತು, ಅಂಗೈ ಕಾಣಲಿಲ್ಲ, ಅದು ಗಾಜಿನ ಕೆಳಗೆ ಲಾರಿಯ ಮೂತಿಯ ಮೇಲೆ ಎಲ್ಲೋ ಕೂತಿತು, ಹಟ್ಟಿಗೆ ಬಂದ ಹಸುವಿನ ಹಣೆಗೆ ಕೈಯಿಡುತ್ತಾರಲ್ಲ ಹಾಗೆ, ಆಯ್ತು ನಿಂತ್ಕೊ ಅನ್ನುವ ಹಾಗೆ, ಅಷ್ಟೇ, ಕೈ ತೆಗೆದಳು, ರಸ್ತೆ ದಾಟಿ ಕಾಲುದಾರಿಗೆ ಇಳಿದುಹೋದಳು. ಬಯ್ಯಬಾರದಿತ್ತೇ ಅವಳು, ನಿನ್ನ ಕೈ ಸೇದೋಗ ಎಂದು ಮಣ್ಣು ತೂರಬಾರದಿತ್ತೇ, ಒಂದು ಬೈಗುಳ ಬಿದ್ದಿದ್ದರೆ ಇವನು ಅಳುತ್ತಿದ್ದ, ಅತ್ತು ಹಗುರಾಗುತ್ತಿದ್ದ. ಹನುಮಯ್ಯ ಎರಡೂ ಕೈಯನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದಾರೆ, ಕಣ್ಣು ಈಗ ಪೂರ್ತಿ ತೆರೆದಿದೆ, ಏನೋ ಹೇಳಲಿ, ಇಳಿ ಕೆಳಗೆ ಅನ್ನಲಿ, ಕೆನ್ನೆಗೆ ಬಾರಿಸಲಿ. ನಡಿ, ಎಂದರು. ಅಷ್ಟೇ. ಗೇರು ಹಾಕಿದ, ಬಿತ್ತು, ಈಗ ಸದ್ದಿಲ್ಲದೆ ಬಿತ್ತು, ಬೇಲೂರಿನವರೆಗೂ ರಸ್ತೆ ನೋಡುತ್ತಾನೆ, ರಸ್ತೆ ಕಾಣುವುದಿಲ್ಲ, ಮೊಣಕೈವರೆಗೆ ಒಂದು ಕೈ ಕಾಣುತ್ತದೆ, ಅಂಗೈ ಎಲ್ಲಿ ಕೂತಿತು, ಅಂಗೈಗೂ ಅವಳ ಎದೆಗೂ ಎಷ್ಟು ದೂರವಿತ್ತು, ಒಂದು ಮೊಳವೇ, ಅಷ್ಟೂ ಇರಲಿಲ್ಲ, ಕೆಲಸ ಹೋಯಿತು, ಹೋದರೆ ಹೋಗಲಿ, ಹೋಗಲಿ ಅನ್ನುವುದು ಹೇಗೆ, ಐದು ತಿಂಗಳು, ಇನ್ನು ಯಾವ ಆಫೀಸಿನ ಮೆಟ್ಟಿಲು ಉಳಿದಿದೆ.

ಬೇಲೂರಿನ ಅಂಗಡಿಯ ಹಿಂದೆ ಹಮಾಲರು ಮೂಟೆ ಇಳಿಸುತ್ತಿದ್ದಾರೆ, ಧೊಪ್ಪ, ಧೊಪ್ಪ, ಕಾಯಿಗೆ ಕಾಯಿ ತಾಗುವ ಸದ್ದು, ಹನುಮಯ್ಯ ಗೋಡೆಯ ನೆರಳಿನಲ್ಲಿ ಕೂತು ಬಾರೋ ಇಲ್ಲಿ ಎಂದರು, ಕೂತ, ಬೀಡಿ ಹಚ್ಚಿದರು, ಕಡ್ಡಿ ಎರಡು ಸಲ ಬೀಡಿಯ ತುದಿ ತಪ್ಪಿತು. ಟ್ರ್ಯಾಕ್ಟ್ರು ತಾನೆ, ಎಂದರು. ಹೂಂ ಅಣ್ಣ, ಎಂದ ಇಂದ್ರೇಶ. ಜಾವಗಲ್ ಬರೋ ಮುಂಚೇನೇ ಗೊತ್ತಾಯ್ತು ಕಣ್ಲಾ, ಮಾತಾಡ್ತಾ ಮಾತಾಡ್ತಾ ನಿನ್ ದನಿ ಹಿಂದಕ್ಕೆ ಹೋಗಿ ಹೋಗಿ ಬತ್ತಿತ್ತು, ಲಾರಿಯೋನ ದನಿ ಮುಂದಕ್ಕೇ ಇರ್ತದೆ. ದನಿಯೇ, ಕತ್ತು ನೋಡಲಿಲ್ಲ, ದನಿ ಕೇಳಿದರು, ಯಾಕೆ ದನಿ, ನೋಡಬಹುದಿತ್ತಲ್ಲ, ಪಕ್ಕದಲ್ಲೇ ಇದ್ದೆನಲ್ಲ — ಅಷ್ಟರಲ್ಲಿ ಹನುಮಯ್ಯ ಕೇಳಿದರು, ಅಲ್ಲಿ ಇಳಿಜಾರಲ್ಲಿ ಅಡ್ಡ ಬಂದದ್ದು ಏನ್ಲಾ, ಎಮ್ಮೇನಾ. ಗೇಲಿ ಮಾಡುತ್ತಿದ್ದಾರೆ ಎಂದುಕೊಂಡ, ಮುಖ ನೋಡಿದ, ಗೇಲಿಯಲ್ಲ, ಹತ್ತಿರದಿಂದ ನೋಡಿದ, ಎರಡೂ ಕಣ್ಣಿನ ಪಾಪೆಯ ಮೇಲೆ ಹಾಲಿನ ಕೆನೆಯಂಥ ಬಿಳಿ, ಕಣ್ಣು ಇವನ ಕಡೆಗಿದೆ, ಇವನ ಮೇಲಿಲ್ಲ. ಅಜ್ಜಿ ಅಣ್ಣ, ಎಂದ, ಹುಲ್ಲು ಹೊತ್ಕಂಡಿದ್ಲು, ಹಾರನ್ ಹೊಡೆದ್ರೂ ತಿರುಗ್ಲಿಲ್ಲ. ಓ, ಲಕ್ಕಮ್ಮ, ಎಂದರು ಹನುಮಯ್ಯ, ಬೀಡಿ ಕೈಯಲ್ಲೇ ನಿಂತಿತು, ಕಿವಿ ಕೇಳಾಕಿಲ್ಲ ಅವಳಿಗೆ, ಅಲ್ಲೇ ದಾಟೋದು ದಿನಾ, ಅದಕ್ಕೇ ನಾನು ಆ ಇಳಿಜಾರಲ್ಲಿ ಸೆಕೆಂಡ್ ಗೇರು ಬುಡಾಕಿಲ್ಲ. ಮತ್ತೆ ನಂಗೆ ಯಾಕಣ್ಣ ಹೇಳ್ಲಿಲ್ಲ. ನೀನು ನೋಡ್ತೀಯ ಅನ್ಕಂಡೆ ಕಣ್ಲಾ, ನಿಂಗೆ ಕಣ್ಣೈತಲ್ಲ.

ಧೊಪ್ಪ, ಧೊಪ್ಪ, ಮೂಟೆ ಬೀಳುತ್ತಿದೆ. ಎರಡು ವರ್ಷದಿಂದ ಮಬ್ಬು, ಎಂದರು ಹನುಮಯ್ಯ, ಯಾರೂ ಕೇಳದಿದ್ದರೂ, ದಾರಿ ಬಾಯಿಪಾಠ ನೋಡು, ಹಂಪು ಎಣಿಸ್ಕಂಡು ಬತ್ತಿದ್ದೆ, ಆಪರೇಶನ್ ಮಾಡಿಸ್ಕ ಅಂತ ಡಾಕ್ಟ್ರು ಬಡ್ಕಂಡ್ರು, ಮರುಳಪ್ಪೋರಿಗೆ ಹೇಳಾಕೆ ಬಾಯಿ ಬರ್ಲಿಲ್ಲ, ಮಂಡಿ ನೋವು ಅಂದೆ, ಅದಕ್ಕೇ ಹೊಸಬರ್ನ ಹುಡುಕ್ತಾವ್ರೆ, ಬಂದ ಮೂರು ಜನವೂ ನಿನಗಿಂತ ಚೆನ್ನಾಗಿ ಓಡ್ಸಿದ್ರು ಕಣ್ಲಾ, ಮೂರಕ್ಕೂ ಊಹೂಂ ಅಂದೆ, ಸೀಟು ಬುಡಾಕೆ ಮನ್ಸಿಲ್ಲ. ಇವತ್ತು ನೀನು ಬ್ರೇಕ್ ಹೊಡೆದಾಗ ನಂಗೇನೂ ಕಾಣ್ಲಿಲ್ಲ. ನಿಂತ ಮೇಲೆ ಕಣ್ಣು ಕಿಸಿದು ನೋಡ್ದೆ, ಆಗಲೂ ಕಾಣ್ಲಿಲ್ಲ, ಸಾಕು, ಇನ್ಮೇಲೆ ಸೀಟು ನಿಂದು ಕಣ್ಲಾ. ಇವನಿಗೆ ಸಿಟ್ಟು ಬಂತು, ಸಿಟ್ಟು ಬರಬೇಕು, ಬಂತು, ಎರಡು ವರ್ಷ ಕಣ್ಣಿಲ್ಲದವನು ಕಿವಿಯಿಲ್ಲದವಳ ರಸ್ತೆಯಲ್ಲಿ ಲಾರಿ ಓಡಿಸಿದನೇ, ಪಾಪಿ, ಪಾಪಿ ಎಂದುಕೊಂಡ ಬಾಯಿಗೆ ತನ್ನ ಸುಳ್ಳಿನ ರುಚಿ ಬಂತು, ಅರೇಹಳ್ಳಿ, ಕಾಫಿ, ಎರಡು ವರ್ಷ, ಆ ಎರಡು ವರ್ಷವೂ ಈ ಎರಡು ವರ್ಷದಷ್ಟೇ ಸುಳ್ಳು, ಅವರು ಕಾಣದೆ ಸೆಕೆಂಡ್ ಗೇರಿನಲ್ಲಿ ಬಂದರು, ಇವನು ಕಣ್ಣಿಟ್ಟುಕೊಂಡು ನ್ಯೂಟ್ರಲ್ಲಿನಲ್ಲಿ ಬಂದ, ಯಾರು ಪಾಪಿ. ನಾನು ಬ್ಯಾಡ ಅಂದ್ರೆ, ಎಂದ ಇಂದ್ರೇಶ. ನಾಳೆ ಲೋಡ್ ನಾನೇ ತರ್ತೀನಿ, ಇನ್ಯಾರವ್ರೆ, ಎಂದರು ಹನುಮಯ್ಯ, ಹೆದರಿಸುವ ದನಿಯಲ್ಲಲ್ಲ, ಬಸ್ಸಿನ ಟೈಮು ಹೇಳುವಂತೆ ಹೇಳಿದರು. ಆಮೇಲೆ ಫೋನು ಮುಖಕ್ಕೆ ತಾಗುವಷ್ಟು ಹತ್ತಿರ ಹಿಡಿದು ಒತ್ತಿದರು, ಹೂಂ ಮರುಳಪ್ಪೋರೆ, ಲೋಡ್ ಇಳೀತು, ಹುಡುಗ ಹೂಂ, ತಗಳಿ ಮಾತಾಡಿ.

ಫೋನು ಕೈಗೆ ಬಂತು, ಬೆಚ್ಚಗಿತ್ತು. ಏನಪ್ಪಾ, ಎಂದರು ಮರುಳಪ್ಪ, ಹಿಂದೆ ಮಂಡಿಯಲ್ಲಿ ಕಾಯಿ ಸುರಿಯುವ ಸದ್ದು, ಹನುಮಯ್ಯನ ಬಾಯಲ್ಲಿ ಹೂಂ ಕೇಳಿ ಎಷ್ಟು ದಿನವಾಯ್ತು ಗೊತ್ತಾ, ನಿನ್ನ ಅರೇಹಳ್ಳಿ ಯಜಮಾನ್ರು ಚೆನ್ನಾಗೇ ತಿದ್ದವ್ರೆ. ಈಗ ಹೇಳಬೇಕು, ಸಾವ್ಕಾರ್ರೆ ಅದು ಸುಳ್ಳು, ನಂಗೆ ಬರೋದು ಟ್ರ್ಯಾಕ್ಟ್ರು, ಇವತ್ತು ಒಬ್ಬಳು ಬದುಕಿದ್ದು ಅವಳ ಪುಣ್ಯ, ಇವರಿಗೆ ಕಣ್ಣಿಲ್ಲ, ಮೂರು ಮಾತು, ಬಾಯಿ ತೆರೆದ, ಹನುಮಯ್ಯನ ಕೆನೆಗಣ್ಣು ಗೋಡೆಯನ್ನು ನೋಡುತ್ತಿತ್ತು, ಮೂರು ಮಾತಿಗೆ ಮೂವತ್ತು ವರ್ಷ ಬೀದಿಗೆ ಬೀಳುತ್ತದೆ, ಐದು ತಿಂಗಳೂ ಬೀಳುತ್ತದೆ, ಅಥವಾ ಇವನ ಮಾತು ನಂಬದೆ ಇವನನ್ನಷ್ಟೇ ಓಡಿಸಿ ನಾಳೆ ಹನುಮಯ್ಯನನ್ನೇ ಕೂರಿಸುತ್ತಾರೆ — ಬತ್ತೀನಿ ಸಾವ್ಕಾರ್ರೆ, ಎಂದಿತು ಬಾಯಿ. ಸರಿ ಮತ್ತೆ, ನಾಳೆ ಬೆಳಿಗ್ಗೆ ಗಾಡಿಗೆ ಪೂಜೆ, ಹೊಸ ಡ್ರೈವರ್ ತನ್ನ ಕೈಯಾರೆ ಗಾಡಿ ತೊಳೀಬೇಕು, ಅದು ನಮ್ಮಪ್ಪನ ಕಾಲದಿಂದ ನಡ್ಕೊಂಡು ಬಂದದ್ದು, ಒಂದು ಚೂರು ಧೂಳು ಇರಬಾರದು, ಬೇಲೂರಲ್ಲೇ ತೊಳ್ಕೊಂಡು ಬಾ, ಎಂದು ಮರುಳಪ್ಪ ಫೋನ್ ಇಟ್ಟರು. ಕೆಲಸ ಸಿಕ್ಕಿತು. ಸಿಕ್ಕಿದೆ ಕಣೇ, ನಿಜವಾಗಿ ಸಿಕ್ಕಿದೆ, ಎದೆಯಲ್ಲಿ ಸಂತೋಷವೇ ಎದ್ದದ್ದು, ಸುಳ್ಳಲ್ಲ, ನಾಚಿಕೆಗೂ ಮುಂಚೆ ಅದೇ ಎದ್ದಿತು, ಮಧುಶ್ರೀಗೆ ಈಗಲೇ ಫೋನ್ ಮಾಡಬೇಕು, ಆಮೇಲೆ ಮಾಡುತ್ತೇನೆ, ತೊಳೆದು ಮಾಡುತ್ತೇನೆ.

ಪೈಪಿನ ನೀರು ಜೋರಾಗಿದೆ, ಸರ್ವಿಸ್ ಸ್ಟೇಷನ್ನಿನವನು ಸಂಜೆಯ ಗಿರಾಕಿ ಎಂದು ಪೂರ್ತಿ ಬಿಟ್ಟಿದ್ದಾನೆ, ಹಿಂದಿನ ಚಕ್ರ, ಬಾಡಿಯ ಹಲಗೆ, ಮಡ್‌ಗಾರ್ಡು, ಕೆಂಪು ಧೂಳು ಕರಗಿ ಕಾಲಡಿ ಹರಿಯುತ್ತಿದೆ, ಬಾಗಿಲು, ಮೆಟ್ಟಿಲು, ಕನ್ನಡಿ, ನಾಳೆಯಿಂದ ಸೆಕೆಂಡ್ ಗೇರು, ಆ ಇಳಿಜಾರಿನಲ್ಲಿ ಸೆಕೆಂಡ್ ಗೇರು, ಕೈ ಕಟ್ಟಿಹಾಕಿಕೊಂಡಾದರೂ ಸರಿ, ಎಷ್ಟು ದಿನ, ಕೈ ಮರೆಯುವವರೆಗೆ, ಎಷ್ಟು ದಿನಕ್ಕೆ ಮರೆಯುತ್ತದೆ ಒಂಬತ್ತು ವರ್ಷ, ಬಾಗಿಲಿನ ಗಾಜು ತೊಳೆದ, ಮೂತಿಗೆ ಬಂದ, ಪೈಪು ಪಕ್ಕಕ್ಕೆ ಹೋಯಿತು. ಅಲ್ಲಿದೆ. ನಂಬರ್ ಪ್ಲೇಟಿನ ಮೇಲೆ, ಹೆಡ್‌ಲೈಟಿಗಿಂತ ಒಂದು ಗೇಣು ಒಳಗೆ, ಧೂಳಿನಲ್ಲಿ ಒತ್ತಿದ ಒಂದು ಅಂಗೈ, ಐದು ಬೆರಳು, ಹುಲ್ಲು ಕೊಯ್ದ ಕೈಯ ಹಸಿರು ಕರೆ, ಕಿರುಬೆರಳು ಸ್ವಲ್ಪ ಡೊಂಕು, ಎಷ್ಟು ಸಣ್ಣ ಕೈ. ಆಯ್ತೇನ್ಲಾ, ಎಂದರು ಹನುಮಯ್ಯ ದೂರದಿಂದ, ಕಾಣದವರು, ಮುಂದೆ ಚೆನ್ನಾಗಿ ಹೊಡಿ, ಸಾವ್ಕಾರ್ರು ಮೊದ್ಲು ಮುಂದೇನೇ ನೋಡೋದು. ಹೊಡೀತೀನಿ ಅಣ್ಣ. ಪೈಪು ಎತ್ತಿದ, ನೀರು ಅದರ ಎಡಕ್ಕೆ ಬಿತ್ತು, ಬಲಕ್ಕೆ ಬಿತ್ತು, ಸುತ್ತ ಕೆಂಪೆಲ್ಲ ಇಳಿದು ಬಣ್ಣ ಹೊಳೆಯಿತು, ನಡುವೆ ಅದು, ಒಂದು ಚೂರೂ ಇರಬಾರದು ಎಂದಿದ್ದಾರೆ, ತೊಳೆಯಬೇಕು, ತೊಳೆಯುತ್ತೇನೆ, ಕೈ ಮುಂದಕ್ಕೆ ಮಾಡಿದ, ಅವಳ ಅಂಗೈಯ ಮೇಲೆ ತನ್ನ ಅಂಗೈ, ತಾಗುವುದಕ್ಕೆ ಒಂದು ಬೆರಳಷ್ಟು ದೂರದಲ್ಲಿ ನಿಂತಿತು, ನೀರು ಕಾಲ ಮೇಲೆ ಸುರಿಯುತ್ತಿದೆ, ಸುರಿಯುತ್ತಲೇ ಇದೆ, ಐದು ಬೆರಳು, ಹಸಿರು, ಡೊಂಕು ಕಿರುಬೆರಳು, ಐದು ಬೆರಳು